ಬೋಟಿಗೆ ಎರಡು ಬ್ಯಾಟರಿ ಏಕೆ?

ಹಳೆಯ ಕಾರೊಂದು ನಡುರಸ್ತೆಯಲ್ಲಿ ಸ್ಟಾರ್ಟ್ ಆಗದೆ ನಿಂತಿತೆಂದುಕೊಳ್ಳಿ. ನೀವು ದಾರಿಹೋಕರನ್ನು ಕರೆದು ತಳ್ಳಿಸುತ್ತೀರಿ. ಸ್ಕೂಟರ್ ಆಗಿದ್ದರೆ ಕಿಕ್ ಹೊಡೆಯುತ್ತೀರಿ. ಏನೂ ಆಗದಿದ್ದರೆ ಬೀಗ ಹಾಕಿ ಬಸ್ಸು ಹಿಡಿಯುತ್ತೀರಿ. ದಡ ಕಾಣದಷ್ಟು ದೂರದಲ್ಲಿರುವ ಮೀನುಗಾರಿಕೆ ಬೋಟಿನಲ್ಲಿ ಈ ಮೂರು ಉಪಾಯಗಳಲ್ಲಿ ಒಂದೂ ನಡೆಯದು. ಬೋಟನ್ನು ತಳ್ಳಿ ಇಂಜಿನ್ ತಿರುಗಿಸಲಾಗದು. ಚಿಕ್ಕ ಇಂಜಿನ್‌ಗಳನ್ನು ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬಹುದು, ಆದರೆ ದೊಡ್ಡ ಟ್ರಾಲರ್ ಬೋಟಿನ ಆರು ಸಿಲಿಂಡರಿನ ಡೀಸೆಲ್ ಇಂಜಿನ್ ಯಾವ ಪೈಲ್ವಾನನ ತೋಳಿಗೂ ಬಗ್ಗುವುದಿಲ್ಲ. ಅಲ್ಲಿ ಬ್ಯಾಟರಿಯೇ ಗತಿ.

ನಮ್ಮ ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಬರೆದು ತೋರಿಸಲು ಸಮಯ ಸಾಲುವುದಿಲ್ಲ. ಆ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ನೋಡೋಣ. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ.

ಹಲವು ವರ್ಷಗಳ ಹಿಂದೆ ಮಲ್ಪೆ ಬಂದರಿನಿಂದ ಹೊರಟ ಬೋಟೊಂದರಲ್ಲಿ ರಾತ್ರಿಯ ಮೀನುಗಾರಿಕೆಯನ್ನು ಚಿತ್ರೀಕರಿಸಲು ನಾವು ಹೋಗಿದ್ದೆವು. ಬೋಟು ಲಂಗರು ಹಾಕಿದ್ದಾಗ ಮೀನುಗಾರರ ಸಂದರ್ಶನ ನಡೆಯಬೇಕಿತ್ತು. ಧ್ವನಿ ಸ್ಪಷ್ಟವಾಗಿರಲೆಂದು ಇಂಜಿನ್ ನಿಲ್ಲಿಸಿ ಎಂದು ಹೇಳಿದವನು ನಾನೇ. 300 ವಾಟ್‌ನ ನಮ್ಮ ದೀಪಕ್ಕೆ ಇನ್ವರ್ಟರ್ ಮೂಲಕ ಬೋಟಿನ ಬ್ಯಾಟರಿಯಿಂದಲೇ ವಿದ್ಯುತ್ ತೆಗೆದುಕೊಂಡೆವು. ಸಂದರ್ಶನ ಒಂದೂವರೆ ಗಂಟೆ ನಡೆಯಿತು. ಆಮೇಲೆ ತಾಂಡೇಲರು ಸ್ಟಾರ್ಟರ್ ಒತ್ತಿದರೆ ‘ಟಕ್’ ಎಂದಿತು. ಮತ್ತೆ ಒತ್ತಿದರೆ ಮತ್ತೆ ಟಕ್. ಕ್ಯಾಬಿನ್ನಿನ ದೀಪ ಕೆಂಪಾಗಿ ಕುಗ್ಗಿತು, ವೈರ್‌ಲೆಸ್ಸಿನಲ್ಲಿ ಮಾತನಾಡಲು ಗುಂಡಿ ಒತ್ತಿದರೆ ಅದೂ ಆರಿಹೋಯಿತು. “ನಿಮ್ಮ ಲೈಟು ನಮ್ಮ ಬ್ಯಾಟರಿಯನ್ನು ತಿಂದುಬಿಟ್ಟಿತಲ್ಲ ಮಾರಾಯ್ರೇ” ಎಂದರು ತಾಂಡೇಲರು. ಸಿಟ್ಟಿನಿಂದಲ್ಲ, ಬೇಸರದಿಂದ. ನಸುಕಿನಲ್ಲಿ ಟಾರ್ಚು ಬೀಸಿದ್ದನ್ನು ಕಂಡು ಇನ್ನೊಂದು ಬೋಟಿನವರು ಬಂದು ತಮ್ಮ ಬ್ಯಾಟರಿ ಕೊಟ್ಟ ಮೇಲೆಯೇ ನಾವು ಹೊರಟದ್ದು. ಅಂದು ಗಾಳಿ ಇರಲಿಲ್ಲ. ಇದ್ದಿದ್ದರೆ, ಮತ್ತು ಲಂಗರು ಹಿಡಿಯದೇ ಹೋಗಿದ್ದರೆ, ಇಂಜಿನ್ ಇಲ್ಲದ ಬೋಟು ಎತ್ತ ಹೋಗುತ್ತಿತ್ತೋ. ಭೌತಶಾಸ್ತ್ರ ಓದಿದ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಈಗ ಲೆಕ್ಕಕ್ಕೆ ಬರೋಣ. 300 ವಾಟ್ ದೀಪಕ್ಕೆ 12 ವೋಲ್ಟ್ ಬ್ಯಾಟರಿಯಿಂದ 25 ಆಂಪಿಯರ್ ಬೇಕು. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿದರೆ ಸುಮಾರು 28. ಒಂದೂವರೆ ಗಂಟೆಗೆ 42 ಆಂಪಿಯರ್-ಗಂಟೆ. ಅದರ ಮೇಲೆ ಬೋಟಿನದೇ ದೀಪಗಳು ಮತ್ತು ಉಪಕರಣಗಳು. ಬ್ಯಾಟರಿಯ ಮೇಲೆ 100 ಆಂಪಿಯರ್-ಗಂಟೆ ಎಂದು ಬರೆದಿತ್ತು, ನಿಜ. ಆದರೆ ಅದು ಹೊಸದಾಗಿದ್ದಾಗಿನ ಮಾತು.

ಇನ್ನೊಂದು ಲೆಕ್ಕ ನೋಡಿ. ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಇಂಜಿನ್ ಹತ್ತಿಕೊಳ್ಳಲು ಮೂರು ಸೆಕೆಂಡು ಸಾಕು. 200ನ್ನು 3ರಿಂದ ಗುಣಿಸಿದರೆ 600 ಕೂಲಂಬ್ ವಿದ್ಯುದಂಶ. ಎರಡು ಆಂಪಿಯರ್ ಎಳೆಯುವ ಒಂದು ಸಾಮಾನ್ಯ ದೀಪ ಇಷ್ಟೇ ವಿದ್ಯುದಂಶವನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತದೆ? 300 ಸೆಕೆಂಡು, ಅಂದರೆ ಬರೀ ಐದು ನಿಮಿಷ! ಇಂಜಿನ್ ಎಬ್ಬಿಸುವ ಕೆಲಸ ಮತ್ತು ಐದು ನಿಮಿಷ ದೀಪ ಉರಿಸುವ ಕೆಲಸ, ಎರಡಕ್ಕೂ ಬ್ಯಾಟರಿಯಿಂದ ಹೋಗುವ ವಿದ್ಯುದಂಶ ಒಂದೇ. ಹಾಗಾದರೆ ಅರ್ಧ ಬರಿದಾದ ಬ್ಯಾಟರಿಯಲ್ಲೂ ಇಂಜಿನ್ ಎಬ್ಬಿಸುವಷ್ಟು ವಿದ್ಯುತ್ತು ಧಾರಾಳವಾಗಿ ಉಳಿದಿರಬೇಕಲ್ಲ?

ಉಳಿದಿರುತ್ತದೆ. ತೊಂದರೆ ಇರುವುದು ಪ್ರಮಾಣದಲ್ಲಲ್ಲ, ವೇಗದಲ್ಲಿ. ಹಂಡೆಯಲ್ಲಿ ನೀರಿದ್ದರೂ ನಲ್ಲಿಯಲ್ಲಿ ಕಸ ಕಟ್ಟಿಕೊಂಡಿದ್ದರೆ ಬಕೆಟ್ಟು ತುಂಬಲು ಎಷ್ಟು ಹೊತ್ತಾಗುತ್ತದೆ! ಬ್ಯಾಟರಿಯಲ್ಲಿ ಆ ಕಸದ ಸ್ಥಾನದಲ್ಲಿರುವುದು ಆಂತರಿಕ ರೋಧ. ಪಿ.ಯು.ಸಿ. ಪಠ್ಯದಲ್ಲಿ ನೀವು ಇದನ್ನು ಓದಿರುತ್ತೀರಿ. ಹೊರಗೆ ಸಿಗುವ ವೋಲ್ಟೇಜು ಎಂದರೆ ವಿದ್ಯುಚ್ಚಾಲಕ ಬಲದಿಂದ, ಪ್ರವಾಹ ಮತ್ತು ಆಂತರಿಕ ರೋಧಗಳ ಗುಣಲಬ್ಧವನ್ನು ಕಳೆದದ್ದು. ಒಳ್ಳೆಯ ಬ್ಯಾಟರಿಯ ಆಂತರಿಕ ರೋಧ 0.01 ಓಮ್ ಎನ್ನಿ. 200 ಆಂಪಿಯರ್ ಹರಿದಾಗ ಒಳಗೇ 2 ವೋಲ್ಟ್ ನಷ್ಟವಾಗುತ್ತದೆ. 12.6ರಲ್ಲಿ 2 ಹೋಗಿ 10.6 ವೋಲ್ಟ್ ಉಳಿಯಿತು, ಸ್ಟಾರ್ಟರ್ ತಿರುಗುತ್ತದೆ. ಅದೇ ಬ್ಯಾಟರಿ ಹಳತಾಗಿ, ಬರಿದಾಗುತ್ತ ಬಂದು, ಆಂತರಿಕ ರೋಧ 0.03 ಓಮ್ ಆದರೆ? ಅಷ್ಟೇ ಪ್ರವಾಹ ಕೇಳಿದಾಗ ಒಳಗಿನ ನಷ್ಟ 6 ವೋಲ್ಟ್. ಉಳಿದ ಅರ್ಧ ವೋಲ್ಟೇಜಿನಲ್ಲಿ ಸ್ಟಾರ್ಟರಿನ ಗೇರು ಮುಂದೆ ಜಿಗಿದು ‘ಟಕ್’ ಎನ್ನುತ್ತದೆ, ಇಂಜಿನ್ ಮಾತ್ರ ಅಲುಗುವುದಿಲ್ಲ. ಡೀಸೆಲ್ ಇಂಜಿನ್‌ನಲ್ಲಿ ಕಿಡಿಯ ಪ್ಲಗ್ಗು ಇಲ್ಲ. ಗಾಳಿಯನ್ನು ಹದಿನಾರು-ಇಪ್ಪತ್ತು ಪಟ್ಟು ಒತ್ತಿ ಬಿಸಿ ಮಾಡಿಯೇ ಇಂಧನ ಹೊತ್ತಿಸಬೇಕು. ನಿಧಾನವಾಗಿ ತಿರುಗಿಸಿದರೆ ಆ ಬಿಸಿ ಹುಟ್ಟುವುದೇ ಇಲ್ಲ.

ಇಲ್ಲಿ ಇನ್ನೊಂದು ಮೋಸವೂ ಇದೆ. ಹಳೆಯ ಮಾದರಿಯ ಡೀಸೆಲ್ ಇಂಜಿನ್ ಒಮ್ಮೆ ಓಡಲು ಆರಂಭಿಸಿತೆಂದರೆ ಅದಕ್ಕೆ ವಿದ್ಯುತ್ತೇ ಬೇಡ, ಇಂಧನದ ಪಂಪು ಇಂಜಿನ್ ಬಲದಿಂದಲೇ ನಡೆಯುತ್ತದೆ. ದೀಪಗಳಿಗೂ ಆಗ ಆಲ್ಟರ್ನೇಟರೇ ವಿದ್ಯುತ್ ಕೊಡುತ್ತಿರುತ್ತದೆ. ಹಾಗಾಗಿ ಬ್ಯಾಟರಿ ಕೆಟ್ಟಿರುವ ಸಂಗತಿ ಇಂಜಿನ್ ನಿಲ್ಲಿಸುವವರೆಗೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಬೋಟು ನಡುಸಮುದ್ರದಲ್ಲಿರುತ್ತದೆ. (ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಹೊಸ ಇಂಜಿನ್‌ಗಳ ಕಥೆ ಬೇರೆ. ಅವುಗಳಿಗೆ ಓಡುವಾಗಲೂ ವಿದ್ಯುತ್ ಬೇಕು.)

ಎರಡು ಬಗೆಯ ಫಲಕಗಳು

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದರು. ಇಂದಿನ ಬ್ಯಾಟರಿಯ ರಸಾಯನ ಮೂಲತಃ ಅದೇ. ಧನ ಫಲಕದಲ್ಲಿ ಸೀಸದ ಡೈಆಕ್ಸೈಡ್, ಋಣ ಫಲಕದಲ್ಲಿ ಮೆದುವಾದ ಸೀಸ, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ ಹೊರಗೆ ಹರಿದಂತೆ ಎರಡೂ ಫಲಕಗಳು ಸೀಸದ ಸಲ್ಫೇಟ್ ಆಗುತ್ತ ಬರುತ್ತವೆ, ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಚಾರ್ಜ್ ಮಾಡಿದಾಗ ಈ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಇಂಥ ಆರು ಕೋಶಗಳು ಸರಣಿಯಲ್ಲಿ ಸೇರಿದರೆ ನಮ್ಮ 12 ವೋಲ್ಟ್ ಬ್ಯಾಟರಿ.

ರಸಾಯನ ಒಂದೇ ಆದರೂ ಫಲಕಗಳ ಕಟ್ಟಡ ಒಂದೇ ಅಲ್ಲ. ಕಡಿಮೆ ಹೊತ್ತಿನಲ್ಲಿ ಭಾರಿ ಪ್ರವಾಹ ಬೇಕೆಂದರೆ ಆಮ್ಲಕ್ಕೆ ತಾಗುವ ಮೇಲ್ಮೈ ಹೆಚ್ಚಿರಬೇಕು. ಅದಕ್ಕಾಗಿ ಇಂಜಿನ್ ಎಬ್ಬಿಸುವ ಬ್ಯಾಟರಿಯಲ್ಲಿ ತೆಳ್ಳನೆಯ ಫಲಕಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ನೀರುದೋಸೆಯ ಹಾಗೆ ಎನ್ನಿ. ಇದು ಕ್ಷಣಾರ್ಧದಲ್ಲಿ ಕೊಡುತ್ತದೆ, ಇಂಜಿನ್ ಓಡಿದೊಡನೆ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಇದನ್ನು ಬುಡದವರೆಗೆ ಖಾಲಿ ಮಾಡಿದರೆ ಸಹಿಸದು. ಸಲ್ಫೇಟ್ ಆದಾಗ ಫಲಕದ ವಸ್ತು ಉಬ್ಬುತ್ತದೆ, ಚಾರ್ಜ್ ಆದಾಗ ಕುಗ್ಗುತ್ತದೆ. ಹೀಗೆ ಹಲವು ಸಲ ಆದರೆ ಪುಡಿಪುಡಿಯಾಗಿ ಉದುರಿ ತಳ ಸೇರುತ್ತದೆ. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸಲ್ಫೇಟು ಗಟ್ಟಿ ಹರಳಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ.

ಇನ್ನೊಂದು ಬಗೆಯಲ್ಲಿ ಫಲಕಗಳು ದಪ್ಪ. ಒಮ್ಮೆಗೇ ಭಾರಿ ಪ್ರವಾಹ ಕೊಡುವುದರಲ್ಲಿ ಇವು ಹಿಂದೆ, ಆದರೆ ರಾತ್ರಿಯಿಡೀ ಸಣ್ಣಗೆ ಕೊಡುತ್ತ ಹೋಗಿ ಬೆಳಗ್ಗೆ ಮತ್ತೆ ತುಂಬಿಸಿಕೊಳ್ಳುವುದು ಇವುಗಳ ಸ್ವಭಾವ. ಕರೆಂಟು ಹೋದಾಗ ಮನೆಯ ದೀಪ ಉರಿಸುವ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನು ನೀವು ನೋಡಿದ್ದೀರಿ. ಅದು ಈ ಜಾತಿಗೆ ಸೇರಿದ್ದು.

ಬೋಟಿನಲ್ಲಿ ಎರಡೂ ಕೆಲಸಗಳಿವೆ. ಆದ್ದರಿಂದ ಎರಡು ಬ್ಯಾಟರಿ. ಒಂದನ್ನು ಇಂಜಿನ್ ಬ್ಯಾಟರಿ ಎಂದೂ ಇನ್ನೊಂದನ್ನು ದೀಪದ ಬ್ಯಾಟರಿ ಎಂದೂ ಕರೆಯೋಣ. ದೀಪದ ಬ್ಯಾಟರಿ ಪೂರ್ತಿ ಬರಿದಾದರೂ ಇಂಜಿನ್ ಬ್ಯಾಟರಿಯನ್ನು ಯಾರೂ ಮುಟ್ಟುವಂತಿಲ್ಲ. ವ್ಯವಸ್ಥೆಯ ತಿರುಳು ಇಷ್ಟೇ. ಉಳಿದದ್ದೆಲ್ಲ ಇದನ್ನು ಸಾಧಿಸುವ ಬಗೆ.

ಇಲ್ಲಿ ಅನೇಕರು ಎಡವುತ್ತಾರೆ. ಬೋಟಿನಲ್ಲಿ ಎರಡು ಬ್ಯಾಟರಿ ಕಂಡೊಡನೆ ಎರಡು ಬ್ಯಾಟರಿ ವ್ಯವಸ್ಥೆ ಎಂದುಕೊಳ್ಳಬೇಡಿ. ದೊಡ್ಡ ಇಂಜಿನ್‌ಗಳ ಸ್ಟಾರ್ಟರಿಗೆ 24 ವೋಲ್ಟ್ ಬೇಕಾಗುವುದರಿಂದ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಅವೆರಡೂ ಸೇರಿ ಒಂದೇ ಬ್ಯಾಟರಿ. ಇನ್ನು ಕೆಲವರು ಎರಡನ್ನು ಶಾಶ್ವತವಾಗಿ ಸಮಾಂತರದಲ್ಲಿ ಕಟ್ಟಿ ‘ಡಬಲ್ ಬ್ಯಾಟರಿ’ ಎನ್ನುತ್ತಾರೆ. ಅದೂ ಒಂದೇ ದೊಡ್ಡ ಬ್ಯಾಟರಿ. ಖಾಲಿಯಾಗುವಾಗ ಎರಡೂ ಒಟ್ಟಿಗೇ ಖಾಲಿಯಾಗುತ್ತವೆ. ಒಂದರ ಕೋಶವೊಂದು ಕೆಟ್ಟರೆ ಅದು ಪಕ್ಕದ ಒಳ್ಳೆಯದನ್ನೂ ಹೀರಿಕೊಂಡು ಕೂರುತ್ತದೆ.

ಸೇರಿಸುವುದು, ಬೇರೆ ಮಾಡುವುದು

ಆಲ್ಟರ್ನೇಟರ್ ಒಂದೇ, ಬ್ಯಾಟರಿ ಎರಡು. ಇಂಜಿನ್ ಓಡುವಾಗ ಎರಡೂ ತುಂಬಬೇಕು, ನಿಂತಾಗ ಎರಡೂ ಬೇರೆಯಾಗಬೇಕು. ಋಣ ತಂತಿಗಳೆರಡನ್ನೂ ಒಟ್ಟಿಗೆ ಸೇರಿಸಿ ಇಂಜಿನ್‌ಗೆ ಕಟ್ಟಿದರೆ ತಪ್ಪಿಲ್ಲ. ಪ್ರವಾಹಕ್ಕೆ ಸುತ್ತು ಪೂರ್ಣವಾಗಬೇಕಾದ್ದರಿಂದ ಧನದ ಕಡೆ ಬಿಡಿಸಿದರೆ ಸಾಕು. ಬಿಡಿಸುವ ವಿಧಾನ ಮೂರು.

ಮೊದಲನೆಯದು ಕೈ ಸ್ವಿಚ್ಚು. ದುಂಡನೆಯ ದಪ್ಪ ಹಿಡಿಕೆ; ಅದರಲ್ಲಿ ‘ಒಂದು’, ‘ಎರಡು’, ‘ಎರಡೂ’, ‘ಬಂದ್’ ಎಂಬ ನಾಲ್ಕು ಜಾಗಗಳು. ಅಗ್ಗ, ಗಟ್ಟಿ, ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಇದರ ದೋಷ ಇದರಲ್ಲಿಲ್ಲ, ನಮ್ಮಲ್ಲಿದೆ. ಬಲೆ ಎಳೆದು ದಣಿದವರು ಇಂಜಿನ್ ನಿಲ್ಲಿಸಿ ಸ್ವಿಚ್ಚನ್ನು ‘ಎರಡೂ’ ಎಂಬಲ್ಲೇ ಬಿಟ್ಟು ಮಲಗಿದರೆ ವ್ಯವಸ್ಥೆ ಇದ್ದೂ ಇಲ್ಲದಂತೆ. ಇನ್ನೊಂದು ಎಚ್ಚರಿಕೆ: ಇಂಜಿನ್ ಓಡುತ್ತಿರುವಾಗ ಹಿಡಿಕೆ ‘ಬಂದ್’ ಜಾಗವನ್ನು ಹಾದುಹೋಗಬಾರದು. ಬ್ಯಾಟರಿ ತಟ್ಟನೆ ಕಳಚಿಕೊಂಡರೆ ಆಲ್ಟರ್ನೇಟರಿನ ವೋಲ್ಟೇಜು ಹಾರಿ, ಅದರೊಳಗಿನ ಡಯೋಡುಗಳು ಸುಟ್ಟುಹೋಗಬಹುದು.

ಎರಡನೆಯದು ಡಯೋಡ್ ಪೆಟ್ಟಿಗೆ. ಬಾವಿಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೆನಪು ಮಾಡಿಕೊಳ್ಳಿ. ನೀರು ಮೇಲೆ ಬರಲು ಬಿಡುತ್ತದೆ, ಕೆಳಗೆ ಇಳಿಯಲು ಬಿಡುವುದಿಲ್ಲ. ಡಯೋಡು ವಿದ್ಯುತ್ತಿಗೆ ಅಂಥ ಕವಾಟ. ಆಲ್ಟರ್ನೇಟರಿನಿಂದ ಎರಡೂ ಬ್ಯಾಟರಿಗಳಿಗೆ ಹರಿಯುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಿಯದು. ಯಾರೂ ಏನನ್ನೂ ನೆನಪಿಡಬೇಕಿಲ್ಲ. ಆದರೆ ಸಿಲಿಕಾನ್ ಡಯೋಡು ತನ್ನ ಸುಂಕವಾಗಿ ಸುಮಾರು 0.7 ವೋಲ್ಟ್ ಮುರಿದುಕೊಳ್ಳುತ್ತದೆ. ಆಲ್ಟರ್ನೇಟರು 14.2 ಕೊಟ್ಟರೆ ಬ್ಯಾಟರಿಗೆ ಸಿಗುವುದು 13.5. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತು ಎನ್ನಬೇಡಿ. 13.5ರಲ್ಲಿ ಬ್ಯಾಟರಿ ಪೂರ್ತಿ ತುಂಬುವುದು ತೀರ ನಿಧಾನ, ಇಂಜಿನ್ ಓಡುವಷ್ಟು ಹೊತ್ತಿನಲ್ಲಿ ತುಂಬದೆ ಅರೆಹೊಟ್ಟೆಯಲ್ಲೇ ಉಳಿದರೆ ಸಲ್ಫೇಟು ಕಟ್ಟಿಕೊಳ್ಳುತ್ತದೆ. ಬ್ಯಾಟರಿಯ ಬಳಿಯೇ ವೋಲ್ಟೇಜನ್ನು ಅಳೆದು ಸರಿದೂಗಿಸುವ ರೆಗ್ಯುಲೇಟರ್ ಇದ್ದರೆ ಮಾತ್ರ ಈ ವಿಧಾನ ಒಳ್ಳೆಯದು.

ಮೂರನೆಯದು ವೋಲ್ಟೇಜನ್ನು ಗಮನಿಸುವ ರಿಲೇ. ನನಗೆ ಮೆಚ್ಚುಗೆಯಾದದ್ದು ಇದು. ಆಲ್ಟರ್ನೇಟರ್ ಮೊದಲು ಇಂಜಿನ್ ಬ್ಯಾಟರಿಯನ್ನು ತುಂಬಿಸುತ್ತದೆ. ಅಲ್ಲಿ ವೋಲ್ಟೇಜು ಸುಮಾರು 13.3 ಮುಟ್ಟಿದಾಗ ರಿಲೇ ತಾನಾಗಿ ಕೂಡಿಕೊಂಡು ದೀಪದ ಬ್ಯಾಟರಿಯನ್ನೂ ಸೇರಿಸಿಕೊಳ್ಳುತ್ತದೆ. ಇಂಜಿನ್ ನಿಂತು ವೋಲ್ಟೇಜು 12.8ರ ಆಸುಪಾಸಿಗೆ ಇಳಿದಾಗ ಬಿಡಿಸಿಕೊಳ್ಳುತ್ತದೆ. ಕೂಡುವ ಅಂಕಿ, ಬಿಡುವ ಅಂಕಿ ಬೇರೆ ಬೇರೆ ಏಕೆ ಎಂದು ಯೋಚಿಸಿ. ಎರಡೂ ಒಂದೇ ಆಗಿದ್ದರೆ, ಖಾಲಿ ಬ್ಯಾಟರಿ ಸೇರಿದೊಡನೆ ವೋಲ್ಟೇಜು ತುಸು ಕುಸಿದು ರಿಲೇ ಬಿಡುತ್ತದೆ. ಬಿಟ್ಟೊಡನೆ ಏರಿ ಮತ್ತೆ ಕೂಡುತ್ತದೆ. ಹೀಗೆ ಟಕಟಕನೆ ಬಡಿದುಕೊಂಡು ಸಂಪರ್ಕದ ಬಿಂದುಗಳು ಸುಟ್ಟುಹೋಗುತ್ತವೆ.

ಯಾವ ವಿಧಾನವಾದರೂ, ಆಪತ್ತಿನಲ್ಲಿ ಎರಡನ್ನೂ ಕೈಯಿಂದ ಸೇರಿಸಲು ಒಂದು ಸ್ವಿಚ್ಚು ಇರಲೇಬೇಕು. ಇಂಜಿನ್ ಬ್ಯಾಟರಿಯೇ ಕೈಕೊಟ್ಟ ದಿನ ದೀಪದ ಬ್ಯಾಟರಿ ಹೆಗಲು ಕೊಡುತ್ತದೆ. ಈಚೆಗೆ ಬಂದಿರುವ ಲಿಥಿಯಮ್ ಬ್ಯಾಟರಿಗಳನ್ನು ಮಾತ್ರ ಸೀಸದ ಬ್ಯಾಟರಿಯ ಜೊತೆ ಹೀಗೆ ನೇರವಾಗಿ ಸೇರಿಸಬಾರದು. ಅವುಗಳ ಚಾರ್ಜಿನ ರೀತಿಯೇ ಬೇರೆ, ನಡುವೆ ಪ್ರತ್ಯೇಕ ಚಾರ್ಜರ್ ಬೇಕು.

ಎಷ್ಟು ದೊಡ್ಡ ಬ್ಯಾಟರಿ?

ಅಂದಾಜಿಗಿಂತ ಕಾಗದ ಪೆನ್ಸಿಲ್ ಒಳ್ಳೆಯದು. ಲಂಗರು ಹಾಕಿದ ಬೋಟು ಸುತ್ತಲೂ ಕಾಣುವ ಬಿಳಿ ದೀಪ ತೋರಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅದೂ ಹೊರಗಿನ ಇತರ ದೀಪಗಳೂ ಸೇರಿ ಒಂದೂವರೆ ಆಂಪಿಯರ್, ಹತ್ತು ಗಂಟೆ: 15. ಜಿ.ಪಿ.ಎಸ್. ಮತ್ತು ಮೀನಿನ ಗುಂಪು ತೋರಿಸುವ ಎಕೋ ಸೌಂಡರ್ ಎರಡು ಆಂಪಿಯರ್, ಹತ್ತು ಗಂಟೆ: 20. ವಿ.ಎಚ್.ಎಫ್. ವೈರ್‌ಲೆಸ್ ಕೇಳುತ್ತ ಕುಳಿತಾಗ ಅರ್ಧ ಆಂಪಿಯರ್, ಹತ್ತು ಗಂಟೆ: 5. ಕ್ಯಾಬಿನ್ ದೀಪ ಎರಡು ಆಂಪಿಯರ್, ಐದು ಗಂಟೆ: 10. ಒಟ್ಟು 50 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬುದು ಅನುಭವಿಗಳ ಕಟ್ಟುಪಾಡು, ಆದ್ದರಿಂದ 100 ಬೇಕು. ವಯಸ್ಸಾದಂತೆ ಶಕ್ತಿ ಕುಗ್ಗುವುದಕ್ಕೆಂದು ಇನ್ನಷ್ಟು ಸೇರಿಸಿ 130 ಅಥವಾ 150 ತೆಗೆದುಕೊಂಡರೆ ನೆಮ್ಮದಿ. ವೈರ್‌ಲೆಸ್ ಕೇಳುವಾಗ ಮಿತವ್ಯಯಿ, ಮಾತನಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ನಮ್ಮ ಬೋಟಿನಲ್ಲಿ ಗುಂಡಿ ಒತ್ತಿದೊಡನೆ ಅದು ಸತ್ತದ್ದು ಇದರಿಂದಲೇ. ಆಪತ್ತಿನ ಕರೆಗೆಂದು ಮೀಸಲಾದ 16ನೇ ಚಾನೆಲ್ ಇದ್ದರೂ ಬ್ಯಾಟರಿ ಸತ್ತರೆ ಏನು ಪ್ರಯೋಜನ?

ತಂತಿಯ ದಪ್ಪವನ್ನು ಲಘುವಾಗಿ ಕಾಣುವವರೇ ಹೆಚ್ಚು. ಬ್ಯಾಟರಿಯಿಂದ ಸ್ಟಾರ್ಟರಿಗೆ ಐದು ಮೀಟರ್ ದೂರ ಎನ್ನಿ, ಹೋಗಿ ಬರಲು ಹತ್ತು. 10 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ರೋಧ 0.017 ಓಮ್, 200 ಆಂಪಿಯರಿಗೆ 3.4 ವೋಲ್ಟ್ ತಂತಿಯಲ್ಲೇ ಮುಳುಗಿತು. 50 ಚದರ ಮಿಲಿಮೀಟರಿನದಾದರೆ ನಷ್ಟ 0.7 ವೋಲ್ಟಿಗೂ ಕಡಿಮೆ. ಇಂಜಿನ್ ಬ್ಯಾಟರಿಯನ್ನು ಇಂಜಿನ್ ಪಕ್ಕದಲ್ಲೇ ಇಡುವುದು ಇದಕ್ಕಾಗಿ. ಕಾರಿನಂತೆ ಲೋಹದ ಮೈಯನ್ನೇ ಮರಳುವ ತಂತಿಯಾಗಿ ಬಳಸುವ ರೂಢಿಯೂ ಬೋಟಿಗೆ ಸಲ್ಲದು. ಸೋರಿದ ವಿದ್ಯುತ್ತು ಉಪ್ಪುನೀರಿನ ಮೂಲಕ ಹರಿದರೆ ಪ್ರೊಪೆಲರ್, ಶಾಫ್ಟುಗಳ ಲೋಹ ಸವೆದುಹೋಗುತ್ತದೆ. ನೀವು ಪ್ರಯೋಗಶಾಲೆಯಲ್ಲಿ ಮಾಡುವ ವಿದ್ಯುದ್ವಿಭಜನೆಯೇ ಅಲ್ಲಿ ಬೋಟಿನ ಅಡಿಯಲ್ಲಿ ನಡೆಯುತ್ತದೆ.

ಫ್ಯೂಸು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ ಇರಲಿ. ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು. 0.01 ಓಮ್ ಆಂತರಿಕ ರೋಧದ ಬ್ಯಾಟರಿಯ ಎರಡು ತುದಿ ತಾಗಿದರೆ ಸಾವಿರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ, ತಂತಿ ಕೆಂಪಗೆ ಕಾದು ಮರಕ್ಕೆ ಬೆಂಕಿ ಹತ್ತುತ್ತದೆ. ಬೋಟಿನ ತಳದಲ್ಲಿ ಸೇರುವ ನೀರನ್ನು ಎತ್ತುವ ವಿದ್ಯುತ್ ಪಂಪಿಗೆ ಮಾತ್ರ ಮುಖ್ಯ ಸ್ವಿಚ್ಚಿಗಿಂತ ಮೊದಲೇ, ತನ್ನದೇ ಫ್ಯೂಸಿನೊಂದಿಗೆ ಸಂಪರ್ಕ ಕೊಡಬೇಕು. ಎಲ್ಲ ಬಂದ್ ಮಾಡಿ ಮನೆಗೆ ಹೋದ ರಾತ್ರಿಯೂ ಅದು ಓಡಬೇಕಲ್ಲ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿ ಸಾಕು. ಹಗುರವಾದ್ದರಿಂದ ಮೇಲಕ್ಕೇರುತ್ತದೆ; ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಿಂಡಿ ಇರಬೇಕು. ಸಮುದ್ರದ ನೀರು ಬ್ಯಾಟರಿಯೊಳಗೆ ಹೋದರೆ ಕ್ಲೋರಿನ್ ಹುಟ್ಟುತ್ತದೆ, ಅದು ವಿಷ. ಹಾಗಾಗಿ ತಳದ ನೀರಿಗೆ ಸಿಗದಷ್ಟು ಎತ್ತರದಲ್ಲಿ, ಅಲೆಗೆ ಮಗುಚದಂತೆ ಪಟ್ಟಿ ಬಿಗಿದು ಇಡಬೇಕು. ಕಳಚುವಾಗ ಋಣ ತಂತಿ ಮೊದಲು, ಜೋಡಿಸುವಾಗ ಅದು ಕೊನೆಗೆ.

ಕರ್ನಾಟಕ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮಳೆಗಾಲದ ಆ ಎರಡು ತಿಂಗಳು ಬೋಟುಗಳು ವಿಶ್ರಾಂತಿಯಲ್ಲಿರುತ್ತವೆ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಗೆ ರಜೆಯಿಲ್ಲ. ಸುಮ್ಮನಿದ್ದರೂ ಅದು ನಿಧಾನವಾಗಿ ಖಾಲಿಯಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಇಟ್ಟು, ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಕೆಲವು ಗಂಟೆ ವಿಶ್ರಾಂತಿ ಕೊಟ್ಟು ಅಳೆದಾಗ 12.6 ಅಥವಾ 12.7 ವೋಲ್ಟ್ ತೋರಿದರೆ ತುಂಬಿದೆ, 12.2 ಆದರೆ ಅರ್ಧ, 12ಕ್ಕಿಂತ ಕೆಳಗಾದರೆ ಅಪಾಯ. ಹೈಡ್ರೋಮೀಟರ್ ಇದ್ದರೆ ಪ್ರತಿಯೊಂದು ಕೋಶವನ್ನೂ ಬೇರೆಯಾಗಿ ನೋಡಿ. ಐದು ಕೋಶ ಒಂದು ಅಂಕಿ ಹೇಳಿ ಆರನೆಯದು ತೀರ ಕೆಳಗಿದ್ದರೆ ಆ ಬ್ಯಾಟರಿಯನ್ನು ನಂಬಬೇಡಿ.

ಸಮುದ್ರಕ್ಕೆ ಹೋಗದೆಯೂ ಇದನ್ನು ನೀವು ಪರೀಕ್ಷಿಸಬಹುದು. ಸೆಲ್ಫ್ ಸ್ಟಾರ್ಟ್ ಇರುವ ಮೋಟಾರ್ ಸೈಕಲ್ಲಿನ ಬ್ಯಾಟರಿಗೆ ಮಲ್ಟಿಮೀಟರ್ ಜೋಡಿಸಿ, ವೋಲ್ಟ್ ಅಳತೆಯಲ್ಲೇ ಇಟ್ಟು, ಮನೆಯವರಿಂದ ಗುಂಡಿ ಒತ್ತಿಸಿ. ಮುಳ್ಳಿನ ಮೀಟರ್ ಸಿಕ್ಕಿದರೆ ಇನ್ನೂ ಚೆಂದ. ಮುಳ್ಳು ಎಷ್ಟು ಕೆಳಗೆ ಬಿದ್ದು ಮೇಲೇಳುತ್ತದೆಂದು ಬರೆದಿಡಿ, ಆರು ತಿಂಗಳ ಮೇಲೆ ಮತ್ತೆ ನೋಡಿ. ನಮ್ಮನ್ನು ಕರೆದೊಯ್ದಿದ್ದ ತಾಂಡೇಲರು ಮುಂದಿನ ಋತುವಿಗೆ ಎರಡನೆಯ ಬ್ಯಾಟರಿಯನ್ನೂ ಕೈ ಸ್ವಿಚ್ಚನ್ನೂ ಹಾಕಿಸಿಕೊಂಡಿದ್ದರು. ಮತ್ತೊಮ್ಮೆ ಚಿತ್ರೀಕರಣಕ್ಕೆ ಹೋದಾಗ ನಮ್ಮ ದೀಪದ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡು, ಸ್ವಿಚ್ಚು ಎಲ್ಲಿದೆ ಎಂದು ಮೊದಲು ಬಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.